ಮೂರು ಕಿಲೋ, ಒಂದು ಕಿಲೋ

ಮಾರ್ಚ್ ಒಂಬತ್ತನೆಯ ತಾರೀಖು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ತೂಕದ ಅಂಗಡಿಯ ಕಲ್ಲುಮೇಜಿನ ಕೆಳಗೆ ಮೂವತ್ತೆರಡು ತಗಡಿನ ಡಬ್ಬಿಗಳು ಸೇರಿದವು. ಕಾಲಿಗೆ ಎಂಟು, ಒಂದರ ಮೇಲೊಂದು, ನಡುನಡುವೆ ಬೆರಳುದಪ್ಪದ ರಬ್ಬರ್ ಬಿಲ್ಲೆ. ಎಲ್ಲವೂ ಒಂದೇ ಅಳತೆ, ಒಂದೇ ಬೂದು ಬಣ್ಣ. ತೂಕಗಾರ ಅವನ್ನು ಮೂರು ಸಲ ಎಣಿಸಿದ. ಮೂರು ಸಲವೂ ಲೆಕ್ಕ ಸರಿಬಂದದ್ದರಿಂದ ಅವನ ಅನುಮಾನ ಇನ್ನಷ್ಟು ಬಲವಾಯಿತು.

ಅವನಿಗೆ ಅರವತ್ತೊಂದು ವರ್ಷ. ಊರಿನ ಅಂಗಡಿಗಳ, ಔಷಧದವರ, ಅಕ್ಕಸಾಲಿಗಳ ತೂಕದ ಬೊಟ್ಟುಗಳನ್ನು ಪರೀಕ್ಷಿಸಿ ಸರಿಪಡಿಸುವುದು ಅವನ ಕಸುಬು. ಸವೆದ ಬೊಟ್ಟಿನ ಹೊಟ್ಟೆಯಲ್ಲಿ ಸೀಸ ತುಂಬುವುದು, ಭಾರವಾದದ್ದರಿಂದ ಸೀಸ ಕೆರೆಯುವುದು. ನಲವತ್ತು ವರ್ಷಗಳಿಂದ ಬೇರೆ ಕೆಲಸ ಮಾಡಿದವನಲ್ಲ. ಬೀದಿಯವರು ಅವನಿಗೆ ಗುಲಗಂಜಿ ಎಂದು ಹೆಸರಿಟ್ಟಿದ್ದರು. ಅದು ಅವನಿಗೆ ಗೊತ್ತಿತ್ತು, ಬೇಸರವೂ ಇರಲಿಲ್ಲ. ಗುಲಗಂಜಿಯ ತೂಕ ಹೆಚ್ಚುಕಡಿಮೆಯಾಗುವುದಿಲ್ಲ ಎನ್ನುವುದು ಅವನ ವಾದ.

ಕಲ್ಲುಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಅವನ ಸೂಕ್ಷ್ಮ ತಕ್ಕಡಿ ಇತ್ತು. ವರ್ಷಕ್ಕೊಮ್ಮೆ ಮೊಹರಿನ ಅಧಿಕಾರಿ ಬಂದು ಒಂದೇ ಬೊಟ್ಟನ್ನು ಹತ್ತು ಸಲ ತೂಗಿ ನೋಡುತ್ತಿದ್ದರು. ಹತ್ತು ಸಲದಲ್ಲಿ ಮುಳ್ಳಿನ ವ್ಯತ್ಯಾಸ ಎರಡು ಗೆರೆ ಮೀರಿದರೆ ಮೊಹರಿಲ್ಲ. ಮೊಹರಿಲ್ಲದಿದ್ದರೆ ಅಂಗಡಿಯಿಲ್ಲ. ಈ ವರ್ಷ ಅಧಿಕಾರಿ ಬರುವುದು ಮಾರ್ಚ್ ಇಪ್ಪತ್ತನಾಲ್ಕಕ್ಕೆ.

ಗೋಡೆಯಾಚೆ ಮೊಳೆಯ ಕಾರ್ಖಾನೆ. ಅದರ ಮಾಲೀಕನನ್ನು ಎಲ್ಲರೂ ಮೊಳೆ ಸಾಹುಕಾರ ಎನ್ನುತ್ತಿದ್ದರು. ಹಿಂದಿನ ವರ್ಷ ಅವನು ದೊಡ್ಡ ಮೋಟಾರು ತಂದು ಕೂರಿಸಿದ. ಅಂದಿನಿಂದ ನೆಲ ನಡುಗತೊಡಗಿತು. ಕಾಲಿಗೆ ತಿಳಿಯುವಷ್ಟಲ್ಲ, ತಕ್ಕಡಿಯ ಮುಳ್ಳಿಗೆ ತಿಳಿಯುವಷ್ಟು. ಮುಳ್ಳು ನಾಲ್ಕು ಗೆರೆಗಳ ನಡುವೆ ಜ್ವರ ಬಂದವನ ತುಟಿಯಂತೆ ಅದುರುತ್ತಿತ್ತು. ತೂಕಗಾರ ಮೂರು ದೂರು ಬರೆದು ಕಳುಹಿಸಿದ. ಮೂರನೆಯದಕ್ಕೆ ಸಾಹುಕಾರ ತಾನೇ ಬಂದು, "ಅಣ್ಣ, ಜಗಳ ಬೇಡ. ನಮ್ಮ ಸೊಸೆ ಈ ನಡುಕದ ವಿದ್ಯೆಯನ್ನೇ ಓದಿರೋಳು. ಏನೋ ಒಂದು ಮಾಡಿಕೊಡ್ತಾಳೆ. ಖರ್ಚು ನಂದು," ಎಂದ.

ಖರ್ಚು ನಂದು ಎಂಬ ಮಾತೇ ತೂಕಗಾರನಿಗೆ ಅನುಮಾನ ಹುಟ್ಟಿಸಿತು. ಇದೇ ಸಾಹುಕಾರ ಎರಡು ಸಲ ಈ ಅಂಗಡಿಯ ಕೋಣೆಯನ್ನು ತನಗೆ ಬಿಟ್ಟುಕೊಡುವಿರಾ ಎಂದು ಕೇಳಿದ್ದ. ಮೊಳೆಯ ಪೆಟ್ಟಿಗೆಗಳನ್ನಿಡಲು ಜಾಗ ಬೇಕಂತೆ. ಕೋಣೆ ಬೇಕೆನ್ನುವವನು ಕೋಣೆಯೊಳಗಿನವನ ಮೇಜನ್ನು ಏಕೆ ಭದ್ರಪಡಿಸುತ್ತಾನೆ? ಅದೂ ಭದ್ರಪಡಿಸಿದ ರೀತಿ ನೋಡಿ: ಅಪ್ಪನ ಕಾಲದ ಮೇಜಿನ ನಾಲ್ಕು ಕಾಲನ್ನೂ ಮೊಣಕಾಲಿನ ಮಟ್ಟಕ್ಕೆ ಕತ್ತರಿಸಿ, ಆ ಜಾಗದಲ್ಲಿ ಡಬ್ಬಿಗಳ ಸಾಲು, ಸಾಲು ಓಲದಂತೆ ಸುತ್ತ ಸಡಿಲವಾದ ಕಂಬಿಗಳ ಪಂಜರ.

ಸೊಸೆಗೆ ಮೂವತ್ತರ ಹತ್ತಿರದ ವಯಸ್ಸು. ಮಾತು ಚುರುಕು. ಡಬ್ಬಿಗಳ ಮೇಲೆ ಸೀಮೆಸುಣ್ಣದಲ್ಲಿ ಕೆಳಗಿನಿಂದ ಒಂದು, ಎರಡು ಎಂದು ಎಂಟರವರೆಗೆ ಅಂಕಿ ಬರೆದು, "ಕ್ರಮ ಮಾತ್ರ ಬದಲಾಯಿಸಬೇಡಿ, ದೊಡ್ಡಪ್ಪ. ಇದು ಹೇಗೆ ಕೆಲಸ ಮಾಡತ್ತೆ ಅಂದ್ರೆ..." ಎಂದು ಆರಂಭಿಸಿದಳು.

"ಪಾಠ ಬೇಡ," ಎಂದ ತೂಕಗಾರ. "ಎಷ್ಟು ಡಬ್ಬಿ, ಎಷ್ಟು ತೂಕ, ಅಷ್ಟು ಬರೆದುಕೊಡು."

ಅವಳು ಕೇಳಿದಷ್ಟನ್ನೇ ಬರೆದುಕೊಟ್ಟಳು: ಡಬ್ಬಿ ಮೂವತ್ತೆರಡು, ಒಟ್ಟು ತೂಕ ಅರವತ್ತನಾಲ್ಕು ಕಿಲೋ.

ಅವಳು ಹೋದ ಮೇಲೆ ಅವನು ತಕ್ಕಡಿಯ ಚಿಲಕ ತೆಗೆದ. ಗೋಡೆಯಾಚೆ ಮೋಟಾರು ಗುಂಯ್ಗುಡುತ್ತಿತ್ತು. ಮುಳ್ಳು ನೆಟ್ಟಗೆ ನಿಂತಿತ್ತು. ಅರ್ಧ ಗೆರೆಯೂ ಅಲುಗಲಿಲ್ಲ.

"ನಿಂತಿತಲ್ಲೋ!" ಎಂದಳು ಅಕ್ಕ. ಅವಳಿಗೆ ಎಪ್ಪತ್ತು, ತಮ್ಮನ ಅಂಗಡಿಯಲ್ಲಿ ಚೀಟಿ ಬರೆಯುವವಳು, ಮನೆಯಲ್ಲಿ ಅವನನ್ನು ಅಂಕೆಯಲ್ಲಿಡುವವಳು.

"ಇವತ್ತು ನಿಂತಿದೆ."

"ಮೊಸರಲ್ಲಿ ಕಲ್ಲು ಹುಡುಕೋನಿಗೆ ಮೊಸರಿನ ರುಚಿ ಯಾವಾಗ ಗೊತ್ತಾಗೋದೋ?"

"ಕಲ್ಲು ಸಿಕ್ಕಿದ ಮೇಲೆ," ಎಂದ ತಮ್ಮ.

ಮುಂದಿನ ಹನ್ನೆರಡು ದಿನವೂ ಮುಳ್ಳು ನೆಟ್ಟಗೇ ಇತ್ತು. ತೂಕಗಾರ ದಿನಕ್ಕೆ ಆರು ಸಲ ನೋಡಿದ. ತನ್ನನ್ನು ನಂಬಿಸಲು ಮೋಟಾರಿನ ವೇಗ ಇಳಿಸಿದ್ದಾರೆಯೇ ಎಂದು ಗೋಡೆಗೆ ಕಿವಿಯಿಟ್ಟು ಕೇಳಿದ. ಅದೇ ಸದ್ದು, ಅದೇ ಶ್ರುತಿ. ರಬ್ಬರ್ ಬಿಲ್ಲೆಯನ್ನು ಉಗುರಿನಿಂದ ಗೀರಿ ನೋಡಿದ, ರಬ್ಬರೇ. ಹೀಗೆ ಎಲ್ಲ ಕಡೆ ಬಾಗಿಲು ಮುಚ್ಚಿಕೊಂಡ ಅನುಮಾನ ಕೊನೆಗೆ ಅವನಿಗೆ ಬರುವ ಒಂದೇ ವಿದ್ಯೆಯ ಬಳಿಗೆ ಬಂತು. ಅರವತ್ತನಾಲ್ಕನ್ನು ಮೂವತ್ತೆರಡರಿಂದ ಭಾಗಿಸಿದರೆ ಎರಡು. ಡಬ್ಬಿಗೆ ಎರಡು ಕಿಲೋ ಇರಬೇಕು. ಇದೆಯೇ? ತೂಕದವನ ಮನೆಗೆ ತೂಗದ ವಸ್ತು ಬಂದು ಹದಿಮೂರು ದಿನವಾಗುತ್ತ ಬಂದಿತ್ತು. ಇದು ಅವನಿಗೇ ನಾಚಿಕೆಯ ಸಂಗತಿ.

ಇಪ್ಪತ್ತೆರಡನೆಯ ತಾರೀಖು ಭಾನುವಾರ. ಕಾರ್ಖಾನೆಗೆ ರಜೆ. ಬೆಳಿಗ್ಗೆ ಏಳಕ್ಕೆ ಅವನು ತಕ್ಕಡಿಯ ಚಿಲಕ ಹಾಕಿ, ಮೇಜಿನ ಒಂದು ಮೂಲೆಗೆ ಜಾಕಿ ಕೊಟ್ಟು ಎತ್ತಿ, ಡಬ್ಬಿಗಳನ್ನು ಹೊರತೆಗೆದ. ಮೊದಲನೆಯದನ್ನು ಎತ್ತಿದಾಗಲೇ ಕೈಗೆ ಗೊತ್ತಾಯಿತು. ಎರಡನೆಯದನ್ನು ಎತ್ತಿದಾಗ ಅವನ ಮುಖ ಕೆಂಪಾಯಿತು. ಆದರೂ ಕೈಯ ಸಾಕ್ಷಿ ಸಾಲದೆಂದು ಮೂಲೆಯ ದೊಡ್ಡ ತಕ್ಕಡಿಗಿಟ್ಟ. ಮೂರು ಕಿಲೋ. ಒಂದು ಕಿಲೋ. ಮೂರು. ಒಂದು. ಎಂಟಕ್ಕೆ ಎಂಟೂ ಹಾಗೇ. ಉಳಿದ ಮೂರು ಕಾಲುಗಳೂ ಹಾಗೇ.

"ಅಕ್ಕಾ! ಬಾ ಇಲ್ಲಿ. ಕಲ್ಲು ಸಿಕ್ತು."

ಅವನ ಕಸುಬಿನಲ್ಲಿ ಇದಕ್ಕಿಂತ ಹಳೆಯ ಮೋಸ ಇನ್ನೊಂದಿಲ್ಲ. ನೋಡಲು ಒಂದೇ ತರಹದ ಎರಡು ಬೊಟ್ಟು: ಕೊಳ್ಳುವಾಗ ಭಾರದ್ದು, ಮಾರುವಾಗ ಹಗುರದ್ದು. ನಲವತ್ತು ವರ್ಷಗಳಲ್ಲಿ ಅಂತಹ ಹದಿನೇಳು ಜನರನ್ನು ಅವನು ಹಿಡಿದಿದ್ದ. ಅವರೆಲ್ಲರ ಲೆಕ್ಕವೂ ಒಟ್ಟು ಕೂಡಿದಾಗ ಸರಿಯಾಗಿಯೇ ಇರುತ್ತಿತ್ತು. ಇಲ್ಲಿಯೂ ಒಟ್ಟು ಅರವತ್ತನಾಲ್ಕೇ. ಒಂದು ಹಗುರ ಡಬ್ಬಿಯ ಮುಚ್ಚಳದ ಬೆಸುಗೆ ಬಿಡಿಸಿ ನೋಡಿದ. ಅರೆಬರೆ ಸೀಸದ ಗುಂಡು. ಉಳಿದ ಜಾಗಕ್ಕೆ ನಾರು ತುರುಕಿತ್ತು.

"ನೋಡಿದ್ಯಾ? ಗುಂಡು ಗಲಗಲ ಅಂದು ಗುಟ್ಟು ರಟ್ಟಾಗಬಾರದು ಅಂತ ನಾರು. ಎಷ್ಟು ಮುಂದಾಲೋಚನೆ!"

"ಮುಳ್ಳು ನಿಂತಿದೆಯಲ್ಲೋ. ಮೋಸ ಮಾಡಿ ಅವರಿಗೇನು ಸಿಕ್ಕಿತು? ಆ ಹುಡುಗೀನ ಒಂದು ಮಾತು ಕೇಳು."

"ಕಳ್ಳನ ಹತ್ರ ಹೋಗಿ ಬೀಗ ಸರಿ ಇದೆಯಾ ಅಂತ ಕೇಳೋದಾ?"

"ತಾನು ಕಳ್ಳ, ಪರರ ನಂಬ," ಎಂದು ಅಕ್ಕ ಒಳಗೆ ಹೋದಳು.

ಅವನು ಹದಿನಾರು ಭಾರದ ಡಬ್ಬಿಗಳಿಂದ ಒಂದೊಂದು ಕಿಲೋ ಗುಂಡು ತೆಗೆದು ಹದಿನಾರು ಹಗುರದ ಡಬ್ಬಿಗಳಿಗೆ ಸುರಿದ. ಜಾಗ ಉಳಿದಲ್ಲಿ ಅದೇ ನಾರು ತುಂಬಿದ. ಪ್ರತಿಯೊಂದನ್ನೂ ಎರಡೆರಡು ಸಲ ತೂಗಿ, ಕೊನೆಯಲ್ಲಿ ಒಂದೊಂದು ಗುಂಡನ್ನು ಚಿಮ್ಮಟದಲ್ಲಿ ಹಾಕಿ ತೆಗೆದು, ಮೂವತ್ತೆರಡನ್ನೂ ಎರಡೆರಡು ಕಿಲೋಗೆ ತಂದು ನಿಲ್ಲಿಸಿದ. ಸಂಜೆ ಐದಕ್ಕೆ ಕೊನೆಯ ಮುಚ್ಚಳದ ಬೆಸುಗೆ ಆರಿತು. ಇಷ್ಟು ನೇರವಾದ ಕೆಲಸ ಅವನು ಬಹಳ ದಿನಗಳಿಂದ ಮಾಡಿರಲಿಲ್ಲ. ಡಬ್ಬಿಗಳನ್ನು ಅಂಕಿಯ ಕ್ರಮದಲ್ಲೇ ಜೋಡಿಸಿದ. ಕ್ರಮ ಬದಲಾಯಿಸಬೇಡಿ ಎಂದಿದ್ದಳಲ್ಲ. ತಾನು ಮಾತಿಗೆ ತಪ್ಪುವವನಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಾರ್ಖಾನೆಯ ಮೋಟಾರು ಗುಂಯ್ ಎಂದಿತು. ಮುಳ್ಳು ನಡುಗಿತು. ಒಂದು ಗೆರೆ, ಎರಡು, ನಾಲ್ಕು. ತೂಕಗಾರ ಕನ್ನಡಕ ಒರೆಸಿಕೊಂಡು ನೋಡಿದ. ನಾಲ್ಕೂವರೆ.

ನಾಳೆ ಅಧಿಕಾರಿ ಬರುತ್ತಾರೆ. ಇವತ್ತು ಮೋಟಾರಿನ ವೇಗ ಏರಿಸಿದ್ದಾರೆ. ಈಗ ಎಲ್ಲವೂ ಒಂದಕ್ಕೊಂದು ಕೂಡಿತು. ಹನ್ನೆರಡು ದಿನ ಸುಮ್ಮನಿದ್ದು ನಂಬಿಸಿದ್ದು, ಖರ್ಚು ತನ್ನದೆಂದದ್ದು, ಕೋಣೆ ಕೇಳಿದ್ದು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಅಂಗಡಿ ಕಿತ್ತುಕೊಳ್ಳುವ ಉಪಾಯ.

ಹತ್ತು ಗಂಟೆಗೆ ಚಹಾದ ಬಿಡುವಿಗೆಂದು ಮೋಟಾರು ನಿಂತಿತು. ಅವನು ನೇರವಾಗಿ ಕಾರ್ಖಾನೆಯ ಒಳಕ್ಕೆ ನಡೆದ. ಕೆಲಸದವರು ಲೋಟ ಹಿಡಿದು ಕೂತಿದ್ದರು. ಅಭ್ಯಾಸಬಲದಿಂದ ಎಣಿಸಿದ: ಹನ್ನೊಂದು ಜನ. ಸಾಹುಕಾರ ಪೆಟ್ಟಿಗೆಯ ಮೇಲೆ ಕುಳಿತು ಬಿಸ್ಕತ್ತು ಅದ್ದುತ್ತಿದ್ದ.

"ಬನ್ನಿ ಅಣ್ಣ, ಚಹಾ..."

"ನೀನು ಎರಡು ತೂಕದ ಮನುಷ್ಯ," ಎಂದ ತೂಕಗಾರ.

ಬಿಸ್ಕತ್ತು ಲೋಟದೊಳಗೆ ಮುರಿದು ಬಿತ್ತು. ತೂಕದ ಅಂಗಡಿಯ ಪಕ್ಕದಲ್ಲಿ ಇಪ್ಪತ್ತು ವರ್ಷ ಬಾಳಿದವನಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

"ಡಬ್ಬಿಯಲ್ಲಿ ಮೋಸ, ಮೋಟಾರಲ್ಲಿ ಮೋಸ. ನಾಳೆ ನನ್ನ ಮೊಹರು ತಪ್ಪಿಸಿ ನಾಡಿದ್ದು ಕೋಣೆಗೆ ಬೀಗ ಹಾಕೋ ಯೋಚನೆ. ಕೇಳಿಸಿಕೊಳ್ರಪ್ಪ ಎಲ್ಲರೂ!"

"ನಾನು ಮೋಟಾರ್ ಮುಟ್ಟೇ ಇಲ್ಲ," ಎಂದ ಸಾಹುಕಾರ. ಅವನ ಕೈ ತಾನಾಗಿ ಮೋಟಾರಿನ ಗುಂಡಿಯ ಕಡೆಗೆ ಹೋಗಿತ್ತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀಯ?"

ಒಬ್ಬ ಕೆಲಸದವನು ನಕ್ಕ. ಸಾಹುಕಾರ ನಗಲಿಲ್ಲ. ಸದಾ ದೊಡ್ಡ ದನಿಯ ಮನುಷ್ಯ ಲೋಟವನ್ನು ಕೆಳಗಿಟ್ಟು, ತಲೆ ತಗ್ಗಿಸಿ ಮೀಸೆ ಒರೆಸಿಕೊಂಡ.

ಆಗ ಒಳಕೋಣೆಯಿಂದ ಸೊಸೆ ಬಂದಳು. ಕೈಯಲ್ಲಿ ಸುತ್ತು ಎಣಿಸುವ ಸಣ್ಣ ಯಂತ್ರ. "ದೊಡ್ಡಪ್ಪ, ಮೋಟಾರ್ ಹಾಕ್ತೀನಿ. ನೀವೇ ಇದನ್ನ ಅಚ್ಚಿಗೆ ಒತ್ತಿ ಹಿಡೀರಿ. ನಾನು ಓದಿದ್ರೆ ನಂಬಲ್ಲ ನೀವು."

ಅವನು ತನ್ನ ಗಡಿಯಾರವನ್ನೇ ನೋಡಿಕೊಂಡು ಒತ್ತಿ ಹಿಡಿದ. ನಿಮಿಷಕ್ಕೆ ಸಾವಿರದ ನಾನೂರ ನಲವತ್ತು ಸುತ್ತು. ಅರವತ್ತರಿಂದ ಭಾಗಿಸಿದ: ಸೆಕೆಂಡಿಗೆ ಇಪ್ಪತ್ತನಾಲ್ಕು. ಎರಡನೆಯ ದೂರಿನಲ್ಲಿ ತಾನೇ ಬರೆದಿದ್ದ ಅಂಕಿ. ಒಂದೂ ಹೆಚ್ಚಿರಲಿಲ್ಲ, ಒಂದೂ ಕಡಿಮೆಯಿರಲಿಲ್ಲ.

"ಈಗ ಮೇಜು ನೋಡೋಣ," ಎಂದಳು ಸೊಸೆ.

ಅಂಗಡಿಗೆ ಬಂದು ಅವಳು ನೆಲದ ಮೇಲೆ ಮಂಡಿಯೂರಿ ಪಂಜರದೊಳಗೆ ಇಣುಕಿದಳು. ಹೊಸ ಬೆಸುಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದರ ಮೇಲೆ ಬೆರಳಾಡಿಸಿ, "ಇವು ಎಷ್ಟೆಷ್ಟು ತೂಗತ್ವೆ ಈಗ?" ಎಂದು ಕೇಳಿದಳು.

"ಎರಡೆರಡು ಕಿಲೋ. ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ. ನೀನು ಕೆಡಿಸಿದ್ದನ್ನ ನಾನು ಸರಿಮಾಡಿದೀನಿ."

ಅವಳು ಹಣೆಯನ್ನು ಮೇಜಿನ ಕಲ್ಲಿಗೆ ಆನಿಸಿ, "ಅಯ್ಯೋ ದೊಡ್ಡಪ್ಪ," ಎಂದಳು. "ಆ ವ್ಯತ್ಯಾಸಾನೇ ನನ್ನ ಔಷಧಿ."

ಪಾಠ ಬೇಡವೆಂದಿದ್ದವನು ಈಗ ಕುರ್ಚಿ ಎಳೆದುಕೊಂಡು ಕುಳಿತ. ಅವಳು ಅವನಿಂದಲೇ ಕೊಂಡಿಯಿರುವ ಬೊಟ್ಟುಗಳನ್ನು ಕೇಳಿ ಪಡೆದಳು. ಇನ್ನೂರು ಗ್ರಾಮಿನ ಎಂಟು ಬೊಟ್ಟುಗಳನ್ನು ರಬ್ಬರ್ ಬಳೆಗಳಿಂದ ಒಂದರ ಕೆಳಗೊಂದು ಕಟ್ಟಿ, ಮೇಲಿನ ತುದಿಯನ್ನು ಕೈಯಲ್ಲಿ ಹಿಡಿದು, ಗೋಡೆ ಗಡಿಯಾರದ ಒಂದು ಟಿಕ್ಕಿಗೆ ಮೂರು ಸಲದಂತೆ ಮೇಲೆ ಕೆಳಗೆ ಅಲುಗಿಸಿದಳು. ಅಲುಗಾಟ ಇಳಿದಿಳಿದು ಹೋಗಿ ತಳದ ಬೊಟ್ಟು ಕಪ್ಪೆಯಂತೆ ಕುಣಿಯಿತು. ಆಮೇಲೆ ಅವನ್ನು ಬಿಚ್ಚಿ, ಇನ್ನೂರಕ್ಕೆ ನೂರು ಜೋಡಿಸಿ ಮುನ್ನೂರು ಮಾಡಿಕೊಂಡು, ಮುನ್ನೂರು, ನೂರು, ಮುನ್ನೂರು, ನೂರು ಎಂದು ಕಟ್ಟಿದಳು. ಒಟ್ಟು ತೂಕ ಅದೇ. ಮತ್ತೆ ಟಿಕ್ಕಿಗೆ ಮೂರು ಸಲ. ಮೇಲಿನ ಎರಡು ಬೊಟ್ಟು ಒದ್ದಾಡಿದವು. ಮೂರನೆಯದು ತುಸು ಮಿಸುಕಿತು. ತಳದ್ದು ನಿದ್ದೆಹೋದ ಹಾಗೆ ತೂಗಿಕೊಂಡಿತ್ತು.

"ನಿನ್ನ ಕೈ ನಿಧಾನವಾಯ್ತು," ಎಂದ ತೂಕಗಾರ.

"ನೀವೇ ಹಿಡೀರಿ."

ಅವನು ಹಿಡಿದ. ಗಡಿಯಾರ ನೋಡುತ್ತ ಅಲುಗಿಸಿದ. ತಳದ ಬೊಟ್ಟು ಅವನ ಮಾತನ್ನೂ ಕೇಳಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ಬಕೆಟ್ ದಾಟಿಸ್ತಾರಲ್ಲ," ಎಂದಳು ಸೊಸೆ. "ಎಲ್ಲರೂ ಒಂದೇ ಥರದೋರಾದ್ರೆ ಬಕೆಟ್ ಸಲೀಸಾಗಿ ದಾಟತ್ತೆ. ಒಬ್ಬ ದಢೂತಿ, ಒಬ್ಬ ಕಡ್ಡಿ, ಮತ್ತೊಬ್ಬ ದಢೂತಿ ಅಂತ ನಿಲ್ಲಿಸಿ. ದಢೂತಿ ಕೈ ಚಾಚೋ ಹೊತ್ತಿಗೆ ಕಡ್ಡಿ ಆಚೆ ತಿರುಗಿರ್ತಾನೆ. ಬಕೆಟ್ ಬಂದ ದಾರೀಲೇ ವಾಪಸ್ಸು. ನಡುಕವೂ ಹಾಗೇ, ನೆಲಕ್ಕೇ ವಾಪಸ್ ಹೋಗತ್ತೆ."

"ಎಲ್ಲ ನಡುಕವೂ?"

"ಇಲ್ಲ. ಸೆಕೆಂಡಿಗೆ ಹತ್ತೊಂಬತ್ತರಿಂದ ಮೂವತ್ತೊಂದರವರೆಗೆ ಮಾತ್ರ. ನಮ್ಮ ಮೋಟಾರಿಂದು ಇಪ್ಪತ್ನಾಲ್ಕು ಅಂತ ನೋಡಿಯೇ ಮೂರು, ಒಂದು ಅಂತ ಆರಿಸಿದ್ದು. ಒಂದು ಜೋಡಿ ದಾಟಿದ್ರೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಉಳಿಯತ್ತೆ."

ತೂಕಗಾರ ಕಣ್ಣು ಮುಚ್ಚಿ ಲೆಕ್ಕ ಹಾಕಿದ. ಕಾಲಿಗೆ ನಾಲ್ಕು ಜೋಡಿ. ಮೂರರಲ್ಲೊಂದು, ಒಂಬತ್ತರಲ್ಲೊಂದು, ಇಪ್ಪತ್ತೇಳರಲ್ಲೊಂದು, ಎಂಬತ್ತೊಂದರಲ್ಲೊಂದು. ಎಲ್ಲವನ್ನೂ ಸಮ ಮಾಡಿದರೆ ಭಾಗಿಸುವುದಕ್ಕೆ ಏನೂ ಇಲ್ಲ. ಬಂದದ್ದು ಬಂದ ಹಾಗೇ ದಾಟುತ್ತದೆ. ನಲವತ್ತು ವರ್ಷ ಊರಿನ ತೂಕಗಳನ್ನೆಲ್ಲ ಸಮ ಮಾಡಿದ ಕೈ, ಸಮ ಮಾಡಬಾರದ ಒಂದೇ ಒಂದು ಕಡೆಯೂ ಸಮ ಮಾಡಿತ್ತು.

ಅಷ್ಟು ಹೊತ್ತಿಗೆ ಸಾಹುಕಾರ ಬಾಗಿಲಿಗೆ ಬಂದು ನಿಂತಿದ್ದ. "ಅಣ್ಣ, ನಾಳೆ ಅಧಿಕಾರಿ ಬರೋ ಹೊತ್ತಿಗೆ ಎರಡು ಗಂಟೆ ಮೋಟಾರ್ ನಿಲ್ಲಿಸ್ತೀನಿ. ಡಬ್ಬಿ ಕತೆ ಆಮೇಲೆ ನಿಧಾನವಾಗಿ ನೋಡ್ಕೊಳ್ಳೋಣ."

"ಬೇಡ. ಮೋಟಾರ್ ನಿಲ್ಲಿಸಿ ತಗೊಂಡ ಮೊಹರು ಸುಳ್ಳು ತೂಕದ ಮೊಹರು. ನಾಡಿದ್ದು ಔಷಧಿಯವನ ಬೊಟ್ಟು ತಪ್ಪಿದ್ರೆ ಯಾರು ಹೊಣೆ? ಡಬ್ಬಿ ಇವತ್ತೇ ಸರಿಯಾಗಬೇಕು." ಅಷ್ಟು ದಿನ ಒಳಗಿಟ್ಟುಕೊಂಡದ್ದನ್ನು ಕೇಳಿಯೇಬಿಟ್ಟ: "ಒಂದು ಹೇಳು. ಕೋಣೆ ಬೇಕು ಅಂದವನು ಇದನ್ನ ಪುಕ್ಕಟೆ ಯಾಕೆ ಮಾಡಿಸಿದೆ?"

"ಕೋಣೆ ಈಗಲೂ ಬೇಕು," ಎಂದ ಸಾಹುಕಾರ. "ಆದ್ರೆ ನಾನು ಮೊಳೆ ಮಾರೋದು ತೂಕಕ್ಕಲ್ವಾ? ನನ್ನ ತಕ್ಕಡಿಗೆ ಪ್ರತಿ ತಿಂಗಳು ನಿಮ್ಮ ಚೀಟಿ ಬೇಕು. ನೀವು ಬಾಗಿಲು ಹಾಕಿದ್ರೆ ನಾನು ತಕ್ಕಡಿ ಹೊತ್ಕೊಂಡು ಇನ್ನೊಂದು ಊರಿಗೆ ಹೋಗಬೇಕು. ಲೆಕ್ಕ ಹಾಕಿದೆ. ಡಬ್ಬಿಯೇ ಅಗ್ಗ."

ತೂಕಗಾರನಿಗೆ ಎಷ್ಟೋ ದಿನಗಳ ಮೇಲೆ ಎದೆ ಹಗುರವಾಯಿತು. ಉಪಕಾರ ಎಂದಿದ್ದರೆ ಅವನು ನಂಬುತ್ತಿರಲಿಲ್ಲ. ಸ್ವಾರ್ಥವನ್ನು ನಂಬಬಹುದು, ಅದನ್ನು ಅಳೆಯಲು ಬರುತ್ತದೆ.

ನಾಲ್ವರೂ ನೆಲದ ಮೇಲೆ ಕುಳಿತರು. ಸಾಹುಕಾರ ಜಾಕಿ ತಿರುಗಿಸಿ ಡಬ್ಬಿ ಎತ್ತಿಕೊಟ್ಟ, ಸೊಸೆ ಬೆಸುಗೆ ಬಿಡಿಸಿದಳು, ಅಕ್ಕ ನಾರು ಬಿಡಿಸಿ ತುಂಬಿದಳು, ತೂಕಗಾರ ತೂಗಿದ. ಬೆಸ ಅಂಕಿಯದು ಮೂರು ಕಿಲೋ, ಸಮ ಅಂಕಿಯದು ಒಂದು ಕಿಲೋ.

"ಐವತ್ತು ಗ್ರಾಂ ಆಚೀಚೆ ಆದ್ರೂ ನಡೆಯತ್ತೆ ದೊಡ್ಡಪ್ಪ," ಎಂದಳು ಸೊಸೆ, ಅವನು ಚಿಮ್ಮಟ ಎತ್ತಿಕೊಂಡಾಗ.

"ನಿನಗೆ ನಡೆಯತ್ತೆ."

"ಸುಮ್ಮನಿರಮ್ಮ," ಎಂದಳು ಅಕ್ಕ. "ಅವನು ತಪ್ಪು ಮಾಡೋದಾದ್ರೂ ಗುಲಗಂಜಿ ತೂಕಕ್ಕೆ ಸರಿಯಾಗಿ ಮಾಡ್ತಾನೆ. ನಿನ್ನೆ ಮಾಡಿದ್ದು ನೋಡಲಿಲ್ವಾ?"

ಸಾಹುಕಾರ ಜೋರಾಗಿ ನಕ್ಕ. ನಗು ನಡುವೆಯೇ ನಿಂತುಹೋಯಿತು; ಬೆಳಗಿನ ಮಾತು ಅವನಿಗೆ ನೆನಪಾಗಿರಬೇಕು. ತೂಕಗಾರ ತಲೆ ಎತ್ತಲಿಲ್ಲ.

ದೀಪ ಹಚ್ಚುವ ಮೊದಲೇ ಕೆಲಸ ಮುಗಿಯಿತು. ಕಾರ್ಖಾನೆ ಮುಚ್ಚಲು ಇನ್ನೂ ಹತ್ತು ನಿಮಿಷವಿತ್ತು. ತಕ್ಕಡಿಯ ಚಿಲಕ ತೆಗೆದರು. ಮುಳ್ಳು ನೆಟ್ಟಗೆ ನಿಂತಿತು.

ಮಂಗಳವಾರ ಹನ್ನೊಂದಕ್ಕೆ ಮೊಹರಿನ ಅಧಿಕಾರಿ ಬಂದರು. ದಪ್ಪ ಕನ್ನಡಕದ, ಮಾತು ಕಡಿಮೆಯ ಹೆಂಗಸು. ಅನುಮಾನದಲ್ಲಿ ತೂಕಗಾರನಿಗೂ ಒಂದು ಕೈ ಮೇಲೆ. ಹತ್ತು ಸಲ ತೂಗಿದರು. ಎಲ್ಲದರ ನಡುವೆ ಅತಿ ಹೆಚ್ಚಿನ ವ್ಯತ್ಯಾಸ ಅರ್ಧ ಗೆರೆ.

"ಪಕ್ಕದ ಮೋಟಾರು ನಿಲ್ಲಿಸಿದ್ದೀರಾ?" ಎಂದು ಅವರು ಕೇಳಿದರು.

ತೂಕಗಾರ ಎದ್ದು ಕಿಟಕಿ ತೆರೆದ. ಗುಂಯ್ಗುಟ್ಟುವ ಸದ್ದು ಒಳಗೆ ಬಂದು ತುಂಬಿತು. ಅಧಿಕಾರಿ ನೆಲಕ್ಕೆ ಅಂಗೈ ಒತ್ತಿ ನೋಡಿದರು, ಮುಳ್ಳನ್ನು ನೋಡಿದರು, ಮೇಜಿನ ಕೆಳಗಿನ ಡಬ್ಬಿಗಳನ್ನು ನೋಡಿದರು. "ಇವುಗಳಲ್ಲಿ ಏನಿದೆ?"

"ಒಂದರಲ್ಲಿ ಮೂರು ಕಿಲೋ, ಒಂದರಲ್ಲಿ ಒಂದು ಕಿಲೋ. ಬೇಕೆಂದೇ ಹಾಗಿವೆ," ಎಂದ ತೂಕಗಾರ. ಆ ಮಾತನ್ನಾಡಲು ಅವನ ನಾಲಿಗೆ ಸ್ವಲ್ಪ ತಡವರಿಸಿತು.

ಮೊಹರು ಬಿತ್ತು.

ಮಧ್ಯಾಹ್ನದ ಚಹಾದ ಬಿಡುವಿಗೆ ಅವನು ಮತ್ತೆ ಕಾರ್ಖಾನೆಗೆ ಹೋದ. ಮೋಟಾರು ನಿಲ್ಲುವವರೆಗೆ ಬಾಗಿಲಲ್ಲಿ ಕಾದ. ಸಾಹುಕಾರ ಅದೇ ಪೆಟ್ಟಿಗೆಯ ಮೇಲೆ ಕುಳಿತಿದ್ದ.

"ನಿನ್ನೆ ಇಲ್ಲಿ ನಿಂತು ಇವನನ್ನ ಎರಡು ತೂಕದ ಮನುಷ್ಯ ಅಂದೆ," ಎಂದು ತೂಕಗಾರ ಎಲ್ಲರಿಗೂ ಕೇಳುವಂತೆ ಹೇಳಿದ. "ಅದು ಸುಳ್ಳು. ಡಬ್ಬಿ ಕೆಡಿಸಿದವನು ನಾನು. ಮೋಟಾರನ್ನ ಯಾರೂ ಮುಟ್ಟಿರಲಿಲ್ಲ."

ನಿನ್ನೆ ನಕ್ಕಿದ್ದವನು ಲೋಟದೊಳಗೆ ನೋಡುತ್ತಿದ್ದ. ತೂಕಗಾರ ಸಾಲಾಗಿ ಎಣಿಸಿದ. ಒಂಬತ್ತು.

"ಇನ್ನಿಬ್ಬರು ಎಲ್ಲಿ?"

"ಒಬ್ಬನಿಗೆ ಹಲ್ಲು ಕಿತ್ತಿದಾರೆ. ಇನ್ನೊಬ್ಬನ ಮನೇಲಿ ಹೆರಿಗೆ," ಎಂದ ಸಾಹುಕಾರ. "ಗುರುವಾರ ಬರ್ತಾರೆ. ಬಿಡಿ ಅಣ್ಣ, ನಾನೇ ಹೇಳಿಬಿಡ್ತೀನಿ ಅವರಿಗೆ."

"ನೀನು ಯಾಕೆ ಹೇಳಬೇಕು? ಆಡಿದ್ದು ನಾನು."

ಅಂಗಡಿಗೆ ಮರಳಿ ಅವನು ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: ಗುರುವಾರ, ಹತ್ತು ಗಂಟೆ, ಇಬ್ಬರು ಬಾಕಿ. ಅಕ್ಕ ಅದನ್ನು ಓದಿ, ಸೀಮೆಸುಣ್ಣ ತೆಗೆದುಕೊಂಡು, ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಆ ಹುಡುಗಿಗೆ ಬೇರೆ.

ಅವನು ಕೂಡಿ ನೋಡಿದ. ಮೂರು. ಒರೆಸಲಿಲ್ಲ.